.32 ಸಾಕಾ, 9 ಎಂಎಂ ಬೇಕಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಆತ್ಮರಕ್ಷಣೆಗೆಂದು ಪಿಸ್ತೂಲು, ರಿವಾಲ್ವರ್ ಕೊಳ್ಳಲು ಹೊರಟವರ ಪತ್ರಗಳಲ್ಲಿ ಹೆಚ್ಚಿನವು ಬೋರ್, ಅಂದರೆ ನಳಿಗೆಯ ಒಳವ್ಯಾಸದ ಬಗ್ಗೆಯೇ ಇವೆ (.32 ಎಂದರೆ ಇಂಚಿನ ಲೆಕ್ಕ). ಒಂದೇ ಅರ್ಥದ ಪತ್ರಗಳನ್ನು ಕೂಡಿಸಿ, ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇವೆ. ಉತ್ತರದಲ್ಲಿ ‘ತೋಟಾ’ ಎಂದರೆ ಚಿಪ್ಪು, ಮದ್ದು, ಮದ್ದಿಗೆ ಕಿಡಿ ಹೊತ್ತಿಸುವ ಕೇಪು, ಗುಂಡು ಎಲ್ಲ ಸೇರಿದ್ದು. ‘ಗುಂಡು’ ಎಂದರೆ ನಳಿಗೆಯಿಂದ ಹೊರಗೆ ಹಾರುವ ಭಾಗ ಮಾತ್ರ.

ಪ್ರಶ್ನೆ: ಅಡಿಕೆ ವ್ಯಾಪಾರ ನನ್ನದು. ನಗದು ಒಯ್ಯುವುದು ತಪ್ಪಿದ್ದಲ್ಲ. ಪರವಾನಗಿ ಮಂಜೂರಾಗಿದೆ. ಅಂಗಡಿಯವರು ‘.32 ತಗೊಳ್ಳಿ’ ಅನ್ನುತ್ತಾರೆ. ಸೈನ್ಯದಲ್ಲಿದ್ದ ಭಾವ ‘ಅದೆಲ್ಲ ಪಟಾಕಿ, ತಗೊಂಡರೆ 9 ಎಂಎಂ ತಗೋ’ ಅನ್ನುತ್ತಾರೆ. .32ರಲ್ಲೇ ಪಿಸ್ತೂಲು ಬೇರೆ, ರಿವಾಲ್ವರ್ ಬೇರೆಯಂತೆ. ಯಾವುದನ್ನು ಆರಿಸಲಿ? – ಪುತ್ತೂರು

ಉತ್ತರ: 9 ಎಂಎಂ ಮಾತನ್ನು ಮೊದಲು ಮುಗಿಸಿಬಿಡೋಣ. ಭಾವನವರ ಮನಸ್ಸಿನಲ್ಲಿರುವುದು ಸೇನೆಯ 9×19 ಪ್ಯಾರಾಬೆಲಮ್. .380 ಮತ್ತು .455ರ ರಿಮ್ (ಚಿಪ್ಪಿನ ಬುಡದಲ್ಲಿ ಹೊರಚಾಚಿದ ಅಂಚು) ಇರುವ ತೋಟಾ, ಸೇನೆಯ 9 ಎಂಎಂ, ರಿಮ್ ಇಲ್ಲದ .45 – ಇವುಗಳಲ್ಲಿ ಯಾವುದನ್ನಾದರೂ ತುಂಬಿ ಹಾರಿಸಬಲ್ಲ ಪಿಸ್ತೂಲು, ರಿವಾಲ್ವರ್ ನಮ್ಮ ನಿಯಮದಲ್ಲಿ ನಿಷೇಧಿತ ಬೋರ್. ಕಾನೂನು ನೋಡುವುದು ನಳಿಗೆಯ ಮೇಲೆ ಕೊರೆದ ಹೆಸರನ್ನಲ್ಲ, ಆ ತೋಟಾ ಚೇಂಬರ್ ಎಂಬ ಗೂಡಿನಲ್ಲಿ ಕೂತು ಹಾರುತ್ತದೆಯೇ ಎಂಬುದನ್ನು. ಜಿಲ್ಲಾಧಿಕಾರಿ ಕಚೇರಿ ಕೊಡುವ ಪರವಾನಗಿ ನಿಷೇಧಿತವಲ್ಲದ ಬೋರಿಗೆ, ಅಂದರೆ ಎನ್‌ಪಿಬಿಗೆ ಮಾತ್ರ. ನಿಷೇಧಿತ ಬೋರ್ ಕೈಯಲ್ಲಿ ಸಿಕ್ಕರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆಯೇ 7 ವರ್ಷ. ಹಾಗಾಗಿ ಭಾವನವರ ಸಲಹೆ ತಾಂತ್ರಿಕವಾಗಿ ತಪ್ಪಲ್ಲ, ನಿಮಗೆ ಮಾತ್ರ ಪ್ರಯೋಜನವಿಲ್ಲ.

ಇನ್ನು .32. ಈ ಹೆಸರಿನಲ್ಲಿ ಎರಡು ತೋಟಾಗಳಿವೆ, ಒಂದರ ಬದಲು ಇನ್ನೊಂದು ಹಾಕುವಂತಿಲ್ಲ. ಎರಡನ್ನೂ ಮೇಜಿನ ಮೇಲೆ ನಿಲ್ಲಿಸಿ ನೋಡಿ. ರಿವಾಲ್ವರಿನದು .32 ಎಸ್ ಅಂಡ್ ಡಬ್ಲ್ಯೂ ಲಾಂಗ್. ಎತ್ತರ, ಚಿಪ್ಪಿನ ಉದ್ದವೇ 23 ಮಿಲಿಮೀಟರ್, ಬುಡದಲ್ಲಿ ಅಗಲವಾದ ರಿಮ್, ತಲೆಯಲ್ಲಿ ಮಂಕು ಬಣ್ಣದ ಬರಿ ಸೀಸದ ಗುಂಡು. ಪಿಸ್ತೂಲಿನದು .32 ಎಸಿಪಿ, ಇನ್ನೊಂದು ಹೆಸರು 7.65 ಎಂಎಂ, ಗಿಡ್ಡ, ಚಿಪ್ಪು 17 ಮಿಲಿಮೀಟರ್, ರಿಮ್ ಇದೆಯೋ ಇಲ್ಲವೋ ಎಂಬಷ್ಟು ಸಣ್ಣದು, ಗುಂಡಿಗೆ ತಾಮ್ರದ ಕವಚ. ಗುಂಡಿನ ವ್ಯಾಸ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಅದಕ್ಕೇ ಗಿಡ್ಡ ತೋಟಾ ಕೆಲವು ರಿವಾಲ್ವರುಗಳ ಸಿಲಿಂಡರಿನಲ್ಲಿ (ತೋಟಾ ಹಿಡಿಯುವ ತಿರುಗುವ ಉರುಳೆ) ಕೂತುಬಿಡುತ್ತದೆ. ಕೂತಿತೆಂದು ಹಾರಿಸಬೇಡಿ. ಎಸಿಪಿಯ ಒತ್ತಡದ ಮಿತಿ ಚದರ ಇಂಚಿಗೆ 20,500 ಪೌಂಡ್, ಎಸ್ ಅಂಡ್ ಡಬ್ಲ್ಯೂ ಲಾಂಗಿನದು 15,000. ಹಳೆಯ ಮಡಚುವ ರಿವಾಲ್ವರಿನ ಕೊಂಡಿ ಈ ಹೆಚ್ಚುವರಿ ಹೊಡೆತಕ್ಕೆ ಮಾಡಿದ್ದಲ್ಲ. ಅಂಗಡಿಯಲ್ಲಿ ‘.32 ಐವತ್ತು ಕೊಡಿ’ ಎನ್ನದೆ, ‘.32 ರಿವಾಲ್ವರ್’ ಅಥವಾ ‘7.65 ಪಿಸ್ತೂಲ್’ ಎಂದೇ ಕೇಳಿ, ಪೆಟ್ಟಿಗೆಯ ಮೇಲಿನದನ್ನು ಓದಿ ಹಣ ಕೊಡಿ.

ಬಲದಲ್ಲಿ ಎರಡಕ್ಕೂ ಜಗಳ ಮಾಡುವಷ್ಟು ವ್ಯತ್ಯಾಸವಿಲ್ಲ. ರಿವಾಲ್ವರಿನ ಗುಂಡು 6.35 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 225 ಮೀಟರ್, ಶಕ್ತಿ 160 ಜೂಲ್. ಪಿಸ್ತೂಲಿನದು 4.6 ಗ್ರಾಂ, 275 ಮೀಟರ್, 175 ಜೂಲ್. ಭಾವನವರ 9 ಎಂಎಂ 8 ಗ್ರಾಂ ಗುಂಡನ್ನು 340 ಮೀಟರ್ ವೇಗದಲ್ಲಿ ಕಳಿಸಿ 460 ಜೂಲ್ ದಾಟುತ್ತದೆ. ಅವರು ‘ಪಟಾಕಿ’ ಅಂದದ್ದು ಈ ಅಂತರ ನೋಡಿ. ಹಾಗೆಂದು 160 ಜೂಲ್ ಆಟದ ಸಾಮಾನಲ್ಲ. ಬಟ್ಟೆ, ಪಕ್ಕೆಲುಬು ದಾಟಿ ಒಳಗಿನ ಅಂಗಕ್ಕೆ ಮುಟ್ಟುತ್ತದೆ, ಕೊಲ್ಲುತ್ತದೆ.

ಆದ್ದರಿಂದ ಬೋರ್ ಬದಿಗಿಡಿ, ಯಂತ್ರ ನೋಡಿ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಹಳೆಯ ಬ್ರಿಟಿಷ್ ವೆಬ್ಲಿ ಮಾದರಿಯದು: ನಡುವೆ ಮಡಚಿ ತೆರೆಯುತ್ತದೆ, ಆರು ತೋಟಾ. ತೋಟಾ ಹಾರದಿದ್ದರೆ ಟ್ರಿಗರ್ ಮತ್ತೆ ಎಳೆದರಾಯಿತು, ಸಿಲಿಂಡರ್ ತಿರುಗಿ ಮುಂದಿನದು ಬರುತ್ತದೆ. ಇಷಾಪುರದ ಅಶನಿಯಂಥ ಪಿಸ್ತೂಲಿನಲ್ಲಿ ತೋಟಾ ಹಾರದಿದ್ದರೆ ಮೇಲಿನ ಜಾರುವ ಭಾಗವಾದ ಸ್ಲೈಡ್ ಹಿಂದಕ್ಕೆಳೆದು ಅದನ್ನು ಹೊರಹಾಕಿ ಹೊಸದು ತುಂಬಬೇಕು. ಕೈ ನಡುಗುವ ಹೊತ್ತಿನಲ್ಲಿ ಇದು ಕಲಿತವನಿಗೆ ಒಂದು ಕ್ಷಣದ ಕೆಲಸ, ಕಲಿಯದವನಿಗೆ ಆಗದ ಕೆಲಸ.

ಎಸಿಪಿಗೆ ಇನ್ನೊಂದು ತೊಡಕೂ ಇದೆ. ಮ್ಯಾಗಜೀನಿನಲ್ಲಿ (ಹಿಡಿಯೊಳಗೆ ಕೂರುವ ತೋಟಾದ ಡಬ್ಬಿ) ಮೇಲಿನ ತೋಟಾದ ರಿಮ್ ಕೆಳಗಿನದರ ರಿಮ್ಮಿನ ಹಿಂದೆ ಜಾರಿ ಕೂತರೆ ಎರಡೂ ಕೊಂಡಿ ಹಾಕಿಕೊಂಡು ನಿಲ್ಲುತ್ತವೆ. ಸ್ಲೈಡ್ ಎಷ್ಟು ಎಳೆದರೂ ಬಿಡುವುದಿಲ್ಲ. ಮ್ಯಾಗಜೀನ್ ಹೊರತೆಗೆದು ಕಡ್ಡಿಯಿಂದ ತಳ್ಳಿ ಬಿಡಿಸಬೇಕು. ತುಂಬುವಾಗ ಪ್ರತಿ ತೋಟಾದ ರಿಮ್ಮೂ ಕೆಳಗಿನದರ ಮುಂದೆ ಬಂತೇ ಎಂದು ನೋಡುವುದು, ತುಂಬಿದ ಮ್ಯಾಗಜೀನನ್ನು ಜೇಬಿನಲ್ಲಿ ಕುಲುಕಾಡಲು ಬಿಡದಿರುವುದು – ಇದಕ್ಕೆ ಪರಿಹಾರ ಅಷ್ಟೇ.

ನಮ್ಮ ಅಭಿಪ್ರಾಯ: ವರ್ಷದಲ್ಲಿ ಎರಡು ಸಲವಷ್ಟೇ ಕೈಗೆತ್ತಿಕೊಳ್ಳುವ ಪೈಕಿ ನೀವಾದರೆ ರಿವಾಲ್ವರ್. ತಿಂಗಳಿಗೊಮ್ಮೆ ಬಿಚ್ಚಿ ಒರೆಸಿ, ರೇಂಜಿಗೆ ಹೋಗುವ ಪೈಕಿಯಾದರೆ ಪಿಸ್ತೂಲು. ಚಪ್ಪಟೆಯಾಗಿ ಸೊಂಟಕ್ಕೆ ಕೂರುತ್ತದೆ, ಟ್ರಿಗರ್ ಹಗುರ.

ಪ್ರಶ್ನೆ: ಹೊಸದಕ್ಕಿಂತ ಹಳೆಯ ವಿದೇಶಿ ಪಿಸ್ತೂಲೇ ಮೇಲು ಎಂದು ಕೇಳಿದ್ದೇನೆ. ವಾಲ್ಟರ್ .32 ಒಂದು ಮಾರಾಟಕ್ಕಿದೆ, ಬೆಲೆ ಕೇಳಿ ತಲೆ ತಿರುಗಿತು. – ದಾವಣಗೆರೆ

ಉತ್ತರ: ಎಂಬತ್ತರ ದಶಕದ ನಡುವಿನಿಂದ ಸಾಮಾನ್ಯ ನಾಗರಿಕರಿಗೆ ಕೋವಿ ಆಮದು ನಿಂತುಹೋಗಿದೆ, ಹೆಸರು ಮಾಡಿದ ಶೂಟಿಂಗ್ ಕ್ರೀಡಾಪಟುಗಳಿಗಷ್ಟೇ ವಿನಾಯಿತಿ. ಆಗ ದೇಶದೊಳಗೆ ಇದ್ದವೇ ಇಂದಿಗೂ ಕೈ ಬದಲಾಯಿಸುತ್ತಿವೆ. ನೀವು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಈ ಅಭಾವಕ್ಕೆ, ಕಬ್ಬಿಣಕ್ಕಲ್ಲ.

ಕೆಲಸ ಚೆನ್ನಾಗಿದ್ದರೆ ವಾಲ್ಟರ್ ನಿಜಕ್ಕೂ ಒಳ್ಳೆಯದು. ಕೊಳ್ಳುವ ಮುನ್ನ ಡೀಲರ ಎದುರೇ ಖಾಲಿ ಮಾಡಿಸಿ, ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ. ಒಳಗೆ ಕೊರೆದ ಸುರುಳಿ ಗೆರೆಗಳು ಚೂಪಾಗಿ ಕಾಣಬೇಕು. ಕಪ್ಪು ಚುಕ್ಕೆಗಳಿದ್ದರೆ ತುಕ್ಕು ತಿಂದ ಗುಳಿ, ಎಷ್ಟು ಉಜ್ಜಿದರೂ ಹೋಗದು. ನಳಿಗೆಯ ನಡುವೆ ಒಂದು ಬಳೆಯಂತೆ ಉಬ್ಬು ಕಂಡರೆ ಹಿಂದೊಮ್ಮೆ ಸಿಕ್ಕಿಬಿದ್ದ ಗುಂಡಿನ ಮೇಲೆ ಇನ್ನೊಂದು ಹಾರಿಸಿದ್ದಾರೆ. ಅಂಥದನ್ನು ಪುಕ್ಕಟೆ ಕೊಟ್ಟರೂ ಬೇಡ. ಮೂಲ ಮ್ಯಾಗಜೀನ್ ಎಷ್ಟಿವೆ ಕೇಳಿ. ಒಂದೇ ಇದ್ದು ಅದರ ತುಟಿ ಬಗ್ಗಿದ್ದರೆ ಹೊಸದು ಸಿಗುವುದಿಲ್ಲ, ಸ್ಥಳೀಯವಾಗಿ ಮಾಡಿಸಿದ್ದು ಸರಿಯಾಗಿ ತುಂಬಿಸುವ ಭರವಸೆಯಿಲ್ಲ. ಕೋವಿಯ ನಂಬರು, ಮಾರುವವರ ಪರವಾನಗಿಯಲ್ಲಿನ ನಂಬರು ಒಂದೊಂದು ಅಂಕಿಯೂ ತಾಳೆಯಾಗಬೇಕು.

ಹಳೆಯ ಕಾನ್ಪುರ ರಿವಾಲ್ವರ್ ನೋಡುವಾಗ ಪರೀಕ್ಷೆ ಬೇರೆ. ಮುಚ್ಚಿ, ಒಂದು ಕೈಯಲ್ಲಿ ನಳಿಗೆಯನ್ನೂ ಇನ್ನೊಂದರಲ್ಲಿ ಹಿಡಿಕೆಯನ್ನೂ ಹಿಡಿದು ಅಲುಗಾಡಿಸಿ. ಕೊಂಡಿಯ ಹತ್ತಿರ ಲೊಡಲೊಡ ಅಂದರೆ ಬಿಡಿ. ಖಾಲಿ ಇದೆಯೆಂದು ಮತ್ತೊಮ್ಮೆ ನೋಡಿಕೊಂಡು ಹ್ಯಾಮರನ್ನು ನಿಧಾನ ಎಳೆಯಿರಿ: ಹ್ಯಾಮರ್ ನಿಲ್ಲುವ ಹೊತ್ತಿಗೆ ಸಿಲಿಂಡರ್ ತಾನಾಗಿ ಬೀಗಕ್ಕೆ ಬೀಳಬೇಕು, ಆರು ಕೋಣೆಗೂ. ಬೀಗಕ್ಕೆ ಬೀಳದ ಕೋಣೆ ನಳಿಗೆಗೆ ನೇರವಾಗಿರುವುದಿಲ್ಲ, ಹಾರಿಸಿದಾಗ ಸೀಸದ ಚೂರು ಪಕ್ಕಕ್ಕೆ ಎರಚುತ್ತದೆ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು 0.15ರಿಂದ 0.25 ಮಿಲಿಮೀಟರಿನಷ್ಟಿದ್ದರೆ ಒಳ್ಳೆಯದು. ಮೆಕ್ಯಾನಿಕ್ ಬಳಿ ಇರುವ ಫೀಲರ್ ಗೇಜ್ ಸಾಕು ಅಳೆಯಲು.

ಪ್ರಶ್ನೆ: ಒಬ್ಬಳೇ ಕ್ಲಿನಿಕ್ ನಡೆಸುತ್ತೇನೆ. ಮಣಿಕಟ್ಟಿನ ನೋವಿದೆ. ಹಗುರವಾದದ್ದೇ ಬೇಕು. .22ರ ನಿಡರ್ ಅಥವಾ .32ರ ನಿರ್ಭೀಕ್ ರಿವಾಲ್ವರ್, ಯಾವುದು ಕಡಿಮೆ ಒದೆಯುತ್ತದೆ? – ಹುಬ್ಬಳ್ಳಿ

ಉತ್ತರ: ಮೇಡಂ, ಹಗುರವಾದದ್ದು ಒಯ್ಯಲು ಸುಲಭ, ಹಾರಿಸಲು ಅಲ್ಲ. ತೋಟಾ ಒಂದೇ ಆದರೆ ಕೋವಿ ಹಗುರವಾದಷ್ಟೂ ಒದೆತ ಜಾಸ್ತಿ. ಗುಂಡಿನ ಪಾಲನ್ನಷ್ಟೇ ಲೆಕ್ಕ ಹಿಡಿದರೂ 700 ಗ್ರಾಂ ರಿವಾಲ್ವರಿನಲ್ಲಿ .32ರ ಒದೆತ ಒಂದೂವರೆ ಜೂಲಿನಷ್ಟು. 2014ರಲ್ಲಿ ಕಾನ್ಪುರದಿಂದ ಬಂದ 500 ಗ್ರಾಂ ನಿರ್ಭೀಕ್‌ನಲ್ಲಿ ಅದೇ ತೋಟಾಕ್ಕೆ ಎರಡು ಜೂಲ್. 9 ಎಂಎಂ 700 ಗ್ರಾಂ ಪಿಸ್ತೂಲಿನಲ್ಲಿ ಐದು ದಾಟುತ್ತದೆ. ಹೀಗಾಗಿ .32 ಎರಡರಲ್ಲೂ ಸೌಮ್ಯವೇ, ಮಣಿಕಟ್ಟಿಗೆ ಹೆದರಬೇಕಾದ್ದೇನಿಲ್ಲ.

ನಿಮ್ಮ ನಿಜವಾದ ತೊಂದರೆ ಒದೆತವಲ್ಲ, ಟ್ರಿಗರ್. ರಿವಾಲ್ವರಿನಲ್ಲಿ ಹ್ಯಾಮರ್ ಎಳೆಯದೆ ನೇರ ಟ್ರಿಗರ್ ಒತ್ತಿದರೆ ಸಾಮಾನ್ಯವಾಗಿ ಐದು ಕಿಲೋ ಮೇಲಿನ ಬಲ ಬೇಕು. ಅರ್ಧ ಕಿಲೋ ತೂಕದ ವಸ್ತುವನ್ನು ಐದು ಕಿಲೋ ಬಲದಿಂದ ಒಂದೇ ಬೆರಳಲ್ಲಿ ಎಳೆದರೆ ಮೂತಿ ಅಲುಗುತ್ತದೆ; ಐದು ಮೀಟರ್ ದೂರದಲ್ಲೂ ಗುರಿ ತಪ್ಪುವುದು ಇದರಿಂದಲೇ. ಅಂಗಡಿಯಲ್ಲಿ ಖಾಲಿ ರಿವಾಲ್ವರ್ ಕೈಗೆ ಕೊಡಿಸಿಕೊಂಡು ಸುರಕ್ಷಿತ ದಿಕ್ಕಿಗೆ ಹಿಡಿದು ಬಲಗೈ ತೋರುಬೆರಳೊಂದರಲ್ಲೇ ಸತತ ಹತ್ತು ಸಲ ಎಳೆಯಿರಿ. ಕೊನೆಯ ಮೂರರಲ್ಲಿ ಮೂತಿ ಕೆಳಗೆ ಕುಕ್ಕಿದರೆ ಆ ಕೋವಿ ನಿಮಗಲ್ಲ. ಬೆರಳು ಟ್ರಿಗರಿಗೆ ಎಟುಕುವುದೂ ಮುಖ್ಯ: ತುದಿ ಮಾತ್ರ ತಾಗುತ್ತಿದ್ದರೆ ಹಿಡಿ ದೊಡ್ಡದಾಯಿತು.

ನಿಡರ್ ಬರಿ 250 ಗ್ರಾಂ, ಎಂಟು ತೋಟಾ. ಒದೆತ ಎಲ್ಲಕ್ಕಿಂತ ಕಡಿಮೆ. ಆದರೂ ನಾವು ಅದನ್ನು ಮೊದಲ ಆಯ್ಕೆ ಅನ್ನುವುದಿಲ್ಲ. .22ರ ಸ್ಫೋಟಕ ಲೇಪ ಚಿಪ್ಪಿನ ಅಂಚಿನ ಸುತ್ತ ಮಡಿಕೆಯೊಳಗೆ ಹರಡಿರುತ್ತದೆ. ಎಲ್ಲೋ ಒಂದು ಕಡೆ ಲೇಪ ತೆಳುವಾಗಿದ್ದು ಪಿನ್ ಅಲ್ಲಿಯೇ ಹೊಡೆದರೆ ತೋಟಾ ಹಾರುವುದಿಲ್ಲ. .32ರಲ್ಲಿ ಕೇಪು ನಡುವೆ ಪ್ರತ್ಯೇಕವಾಗಿ ಕೂತಿರುವುದರಿಂದ ಇದು ಬಹಳ ಅಪರೂಪ. ಎರಡನೆಯದು, .22 ತೋಟಾದ ಡಬ್ಬದ ಮೇಲಿನ ವೇಗ ಉದ್ದ ರೈಫಲ್ ನಳಿಗೆಯದು. ಎರಡು ಇಂಚಿಗಿಂತ ಗಿಡ್ಡ ನಳಿಗೆಯಲ್ಲಿ ಮದ್ದು ಪೂರ್ತಿ ಕೆಲಸ ಮಾಡುವ ಮುಂಚೆ ಗುಂಡು ಹೊರಗೆ; 2.6 ಗ್ರಾಂ ಗುಂಡಿಗೆ 100 ಜೂಲ್ ದಾಟುವುದೇ ಕಷ್ಟ. ಹಳೆಯ .25 ಪಿಸ್ತೂಲು ಇನ್ನೂ ಕೆಳಗೆ, 85 ಜೂಲಿನ ಆಸುಪಾಸು. ಅದು ಪರ್ಸಿಗೆ ಹೇಳಿ ಮಾಡಿಸಿದ್ದು, ಕೆಲಸಕ್ಕಲ್ಲ.

ಮಣಿಕಟ್ಟು ಐದು ಕಿಲೋ ಎಳೆಯಲು ಒಪ್ಪದಿದ್ದರೆ ಮಾತ್ರ .32 ಪಿಸ್ತೂಲು ನೋಡಿ. ಅದರಲ್ಲೂ ಸ್ಲೈಡ್ ಎಳೆಯುವ ಸ್ಪ್ರಿಂಗ್ ಗಟ್ಟಿ. ಬೆರಳುಗಳಲ್ಲಿ ಚಿವುಟಿ ಎಳೆಯದೆ, ಅಂಗೈಯಿಂದ ಸ್ಲೈಡನ್ನು ಮೇಲಿನಿಂದ ಮುಷ್ಟಿ ಹಿಡಿದು, ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ತಳ್ಳಿದರೆ ಸುಲಭವಾಗುತ್ತದೆ.

ಮನೆಯಲ್ಲಿ ಖಾಲಿ ಅಭ್ಯಾಸಕ್ಕೆ ಒಂದು ಎಚ್ಚರಿಕೆ: .32ರಲ್ಲಿ ಡಮ್ಮಿ ತೋಟಾ ಹಾಕಿ ಟ್ರಿಗರ್ ಒತ್ತಬಹುದು. .22ರಲ್ಲಿ ಖಾಲಿ ಒತ್ತಿದರೆ ಪಿನ್ ಚೇಂಬರಿನ ಅಂಚಿಗೇ ಬಡಿದು ಗಾಯ ಮಾಡುತ್ತದೆ, ಮುಂದೆ ತೋಟಾ ಹಾರದಿರಲು ಅದೊಂದೇ ಕಾರಣ ಸಾಕು. ಅಭ್ಯಾಸ ಮಾಡುವ ಕೋಣೆಯಲ್ಲಿ ಜೀವಂತ ತೋಟಾ ಒಂದೂ ಇರಬಾರದು, ಡ್ರಾಯರಿನಲ್ಲೂ.

ಪ್ರಶ್ನೆ: 50 ಮೀಟರ್ ಗುರಿಯ ಪ್ರಬಲ್ ರಿವಾಲ್ವರ್ ಬಂದಿದೆಯಲ್ಲ, ಅದರಲ್ಲಿ .32ರ ಬಲ ಹೆಚ್ಚುತ್ತದೆಯೇ? – ತುಮಕೂರು

ಉತ್ತರ: ಇಲ್ಲ. 2023ರ ಆಗಸ್ಟಿನಲ್ಲಿ ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಸಂಸ್ಥೆ ಬಿಡುಗಡೆ ಮಾಡಿದ್ದು; ತೋಟಾ ಅದೇ, ತೂಕ 700 ಗ್ರಾಂ, ನಳಿಗೆ 76 ಮಿಲಿಮೀಟರ್. ಮಡಚಿ ತೆರೆಯುವ ಬದಲು ಸಿಲಿಂಡರ್ ಪಕ್ಕಕ್ಕೆ ಬರುತ್ತದೆ, ಸಡಿಲಾಗುವ ಕೊಂಡಿಯಿಲ್ಲ. ಕೊಳ್ಳಲು ಅದು ಸಾಕಾದ ಕಾರಣ. 50 ಮೀಟರ್ ಆಚೆ ನಿಂತವನ ಮೇಲೆ ಹಾರಿಸಿ ‘ಪ್ರಾಣಭಯವಿತ್ತು’ ಎಂದು ನ್ಯಾಯಾಲಯದಲ್ಲಿ ಹೇಳುವುದು ಹೇಗೆಂದು ಮೊದಲು ಯೋಚಿಸಿ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತವೆ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂಬ ಮಿತಿ 37ರಲ್ಲಿದೆ. ಅಭ್ಯಾಸ ಮಾಡುವುದಾದರೆ 3ರಿಂದ 7 ಮೀಟರಿನಲ್ಲಿ ಮಾಡಿ.

ಪ್ರಶ್ನೆ: .32ರಲ್ಲಿ ಒಂದೇ ಗುಂಡಿಗೆ ಮನುಷ್ಯ ಬೀಳುತ್ತಾನಾ? ತುದಿ ಟೊಳ್ಳಾದ ಗುಂಡು ಹಾಕಿದರೆ? – ಬೆಂಗಳೂರು

ಉತ್ತರ: ಯಾವ ಕೈಬಂದೂಕಿನಲ್ಲೂ ಅದಕ್ಕೆ ಖಾತರಿಯಿಲ್ಲ, .45ರಲ್ಲೂ. ಗುಂಡು ಬಿದ್ದವನು ಹಿಂದಕ್ಕೆ ಹಾರಿ ಬೀಳುವುದು ಸಿನಿಮಾದಲ್ಲಿ ಮಾತ್ರ. ಅಷ್ಟು ತಳ್ಳುವ ಬಲ ಗುಂಡಿಗಿದ್ದರೆ ಹಾರಿಸಿದವನೂ ಅಷ್ಟೇ ಹಿಂದಕ್ಕೆ ಬೀಳಬೇಕಿತ್ತು. ಮಿದುಳು ಅಥವಾ ಬೆನ್ನುಹುರಿಯ ಮೇಲ್ಭಾಗಕ್ಕೆ ತಾಗಿದರಷ್ಟೇ ದೇಹ ತಕ್ಷಣ ನಿಲ್ಲುತ್ತದೆ. ಉಳಿದೆಡೆ ರಕ್ತ ಸೋರಿ ಒತ್ತಡ ಇಳಿಯಬೇಕು, ಹೃದಯಕ್ಕೇ ತಾಗಿದರೂ ಹತ್ತು ಸೆಕೆಂಡಿನ ಮೇಲೆ ಕೈಕಾಲು ಆಡಬಹುದು. ಆದ್ದರಿಂದ ಲೆಕ್ಕಕ್ಕೆ ಬರುವುದು ಎರಡೇ: ಎಲ್ಲಿ ತಾಗಿತು, ಎಷ್ಟು ಆಳ ಹೋಯಿತು.

ಆಳದ ಲೆಕ್ಕ ಬಂದದ್ದು ಅಮೆರಿಕದಿಂದ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ದರೋಡೆಕೋರರಿಗೂ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಗೂ ಗುಂಡಿನ ಕಾಳಗ ನಡೆದು ಇಬ್ಬರು ಏಜೆಂಟರು ಸತ್ತರು, ಐವರಿಗೆ ಗಾಯವಾಯಿತು. ಆರಂಭದಲ್ಲೇ ತಾಗಿದ ಒಂದು 9 ಎಂಎಂ ಟೊಳ್ಳುತುದಿ ಗುಂಡು ತೋಳು ದಾಟಿ ಎದೆಯೊಳಗೆ ಹೋಗಿ ಹೃದಯದ ಹತ್ತಿರ ನಿಂತುಬಿಟ್ಟಿತ್ತು. ತಗುಲಿಸಿಕೊಂಡವನು ಆಮೇಲೂ ಹೊಡೆಯುತ್ತ ಹೋದ. ಅಲ್ಲಿಂದ, ಮಾಂಸದ ಬದಲು ಜೆಲಾಟಿನ್‌ಗೆ ಹಾರಿಸಿ ನೋಡುವ ಪರೀಕ್ಷೆ ಕಟ್ಟುನಿಟ್ಟಾಯಿತು: 10 ಶೇಕಡಾ ಜೆಲಾಟಿನ್ ಗಟ್ಟಿಯೊಳಗೆ ಗುಂಡು ಕನಿಷ್ಠ 12 ಇಂಚು ಹೋಗಬೇಕು, 18 ಮೀರಬಾರದು. ದಪ್ಪ ಬಟ್ಟೆ, ಪ್ಲೈವುಡ್, ಕಾರಿನ ಗಾಜು ದಾಟಿಸಿಯೂ ನೋಡುತ್ತಾರೆ. ಎಫ್‌ಬಿಐ ಮೊದಲು 10 ಎಂಎಂಗೆ, ಅದರ ಒದೆತ ತಾಳಲಾರದೆ .40ಕ್ಕೆ ಹೋಯಿತು. ಗುಂಡುಗಳ ವಿನ್ಯಾಸ ಸುಧಾರಿಸಿದ ಮೇಲೆ 2014ರ ಸುಮಾರಿಗೆ ಮತ್ತೆ 9 ಎಂಎಂಗೇ ಬಂತು. ಕೊಟ್ಟ ಕಾರಣ ನೆನಪಿಡುವಂಥದು: ದೊಡ್ಡ ಬೋರಿನ ಗಾಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, ಚಿಕ್ಕದರಲ್ಲಿ ಏಜೆಂಟರ ಗುರಿ ಚೆನ್ನಾಗಿತ್ತು, ಬೇಗ ಹಾರಿಸುತ್ತಿದ್ದರು.

.32ಕ್ಕೆ ಇದನ್ನು ಹೊಂದಿಸಿದರೆ ಟೊಳ್ಳುತುದಿ ಬೇಡ ಎಂದೇ ಉತ್ತರ. ಟೊಳ್ಳುತುದಿ ಅರಳಲು ವೇಗ ಬೇಕು. .32ರ ವೇಗದಲ್ಲಿ ಅದು ಬಟ್ಟೆ ತುಂಬಿಕೊಂಡು ಅರಳದೆಯೂ ಹೋಗಬಹುದು. ಅರಳಿತೋ, ಆಳ ಹೋಗದೆ ನಿಲ್ಲುತ್ತದೆ. ಪಿಸ್ತೂಲಿನಲ್ಲಿ ಇನ್ನೊಂದು ಕೆಡುಕು: ಟೊಳ್ಳುತುದಿಯ ತೋಟಾ ಗಿಡ್ಡ, ಮ್ಯಾಗಜೀನಿನಲ್ಲಿ ಹಿಂದೆಮುಂದೆ ಜಾರಲು ಜಾಗ ಹೆಚ್ಚು, ಮೇಲೆ ಹೇಳಿದ ರಿಮ್ ಕೊಂಡಿ ಬೀಳುವುದೂ ಹೆಚ್ಚು. ನಮ್ಮ ಅಂಗಡಿಗಳಲ್ಲಿ ಸಿಗುವ ಕೆಎಫ್ ಗುರುತಿನ ಖಡ್ಕಿ ಕಾರ್ಖಾನೆಯ ತೋಟಾ – ಪಿಸ್ತೂಲಿಗೆ ಕವಚದ್ದು, ರಿವಾಲ್ವರಿಗೆ ಸೀಸದ್ದು – ಈ ಕೆಲಸಕ್ಕೆ ಸರಿಯಾದದ್ದೇ. ಬೇರೆ ಹುಡುಕುತ್ತ ಅಡ್ಡದಾರಿ ಹಿಡಿಯಬೇಡಿ. ತುದಿ ಗೀರುವುದು, ಕೊರೆಯುವುದಂತೂ ಮೂರ್ಖತನ: ಗುಂಡು ನಳಿಗೆಯಲ್ಲೇ ಕವಚ ಬಿಟ್ಟು ಮುಂದೆ ಹೋಗಬಹುದು.

ಪ್ರಶ್ನೆ: ಅಜ್ಜ ಎರಡನೇ ಮಹಾಯುದ್ಧದಲ್ಲಿದ್ದವರು. ಅಟ್ಟದ ಪೆಟ್ಟಿಗೆಯಲ್ಲಿ .455 ವೆಬ್ಲಿ ರಿವಾಲ್ವರ್ ಸಿಕ್ಕಿದೆ, ಪರವಾನಗಿ ಪುಸ್ತಕ ಕಾಣುತ್ತಿಲ್ಲ. ನಮ್ಮದು ಕೊಡಗಿನ ಪಾರಂಪರಿಕ ಜಮ್ಮಾ ಹಿಡುವಳಿ ಭೂಮಿ. ಇದನ್ನೇ ರಕ್ಷಣೆಗೆ ಇಟ್ಟುಕೊಳ್ಳಬಹುದೇ, .32ಕ್ಕೆ ಬದಲಿಸಿಕೊಳ್ಳಬಹುದೇ? – ಮಡಿಕೇರಿ

ಉತ್ತರ: ಎರಡಕ್ಕೂ ಇಲ್ಲ. .455 ನಿಷೇಧಿತ ಬೋರ್. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿ 2029ರವರೆಗೆ ವಿಸ್ತರಣೆಯಾಗಿದೆ, ಹೈಕೋರ್ಟೂ ಎತ್ತಿಹಿಡಿದಿದೆ. ಆದರೆ ಅದು ಸಿಕ್ಕಸಿಕ್ಕ ಆಯುಧಕ್ಕೆಲ್ಲ ಕೊಡೆಯಲ್ಲ. ವಿನಾಯಿತಿ ಪತ್ರದಲ್ಲಿ ಯಾವ ಕೋವಿ, ಯಾವ ನಂಬರ್ ಎಂದಿದೆಯೋ ಅಷ್ಟೇ. ಒಂದು ವರ್ಗದ ಕೋವಿಯನ್ನು ಇನ್ನೊಂದಕ್ಕೆ ಬದಲಿಸುವುದನ್ನು 2019ರ ತಿದ್ದುಪಡಿ ನೇರ ಅಪರಾಧ ಮಾಡಿದೆ.

ಈಗ ಮಾಡಬೇಕಾದ್ದು: ಮೂತಿ ಗೋಡೆಯ ಕಡೆಯಿರಲಿ, ಟ್ರಿಗರ್ ಮುಟ್ಟಬೇಡಿ. ತುಂಬಿದೆಯೋ ಗೊತ್ತಾಗದಿದ್ದರೆ ಹಾಗೇ ಬಿಟ್ಟು, ಪೆಟ್ಟಿಗೆಗೆ ಬೀಗ ಹಾಕಿ ಠಾಣೆಗೆ ಫೋನ್ ಮಾಡಿ ಅವರನ್ನೇ ಕರೆಸಿ. ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೊರಡಬೇಡಿ. ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮಿನಂತೆ ತಡಮಾಡದೆ ಠೇವಣಿ ಇಟ್ಟು ರಸೀದಿ ಪಡೆಯಬೇಕು. ವಾರಸುದಾರಿಕೆಯ ಅರ್ಜಿ, ಅಜ್ಜನ ಹಳೆಯ ಪರವಾನಗಿಯ ದಾಖಲೆಗಾಗಿ ಡಿಸಿ ಕಚೇರಿಯಲ್ಲಿ ಹುಡುಕಾಟ, ಇವೆಲ್ಲ ಠೇವಣಿಯ ನಂತರ. ನಿಷೇಧಿತ ಬೋರಿನ ತೀರ್ಮಾನ ಕೇಂದ್ರ ಗೃಹ ಸಚಿವಾಲಯದ್ದು.

ಪ್ರಶ್ನೆ: ಕಾಫಿ ತೋಟದಲ್ಲಿ ಆನೆ ಕಾಟ. ಸೊಂಟಕ್ಕೆ ಕಟ್ಟಿಕೊಳ್ಳಲು ಯಾವ ಪಿಸ್ತೂಲು? – ಸಕಲೇಶಪುರ

ಉತ್ತರ: ಯಾವುದೂ ಅಲ್ಲ. ಆನೆಗೆ .32 ತಾಗಿದರೆ ಅದು ಸಾಯುವುದಿಲ್ಲ, ನಿಮ್ಮ ಕಡೆ ತಿರುಗುತ್ತದೆ. ಮುಂದಿನ ಸಲ ಬೇರೆ ಯಾರನ್ನೋ ಹಿಡಿಯುತ್ತದೆ. ಜತೆಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ. ಅರಣ್ಯ ಇಲಾಖೆಯ ಎಚ್ಚರಿಕೆ ಸಂದೇಶ ನೋಡಿಕೊಂಡು ಆ ದಿನದ ಕೆಲಸ ಬೇರೆ ಬ್ಲಾಕಿಗೆ ಹಾಕುವುದೇ ದಾರಿ.

ಪ್ರಶ್ನೆ: ಟೆಕ್ಸಸಿನಲ್ಲಿದ್ದೇವೆ, ಎಚ್-1ಬಿ ಉದ್ಯೋಗ ವೀಸಾ. ಇಲ್ಲಿ ಬೋರಿನ ನಿರ್ಬಂಧವಿಲ್ಲ ಅನ್ನುತ್ತಾರೆ. ಮನೆಗೆ 9 ಎಂಎಂ, .380, .45ರಲ್ಲಿ ಯಾವುದು? – ಡಲ್ಲಾಸ್

ಉತ್ತರ: ಅಂಗಡಿಗೆ ಹೋಗುವ ಮುನ್ನ ವೀಸಾ ನೋಡಿ. ವಲಸೆಯೇತರ ವೀಸಾದಲ್ಲಿ ಇರುವವರು ಕೋವಿ, ತೋಟಾ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನೇ ನಿಷೇಧಿಸುತ್ತದೆ. ರಾಜ್ಯ ಟೆಕ್ಸಸ್ ಆದರೂ ಅಷ್ಟೇ. ಮುಖ್ಯ ವಿನಾಯಿತಿ, ಅಲ್ಲಿನ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಹೊಂದಿರುವುದು. ಅದು ಅವಧಿ ಮುಗಿದ ದಿನ ಮನೆಯಲ್ಲಿರುವ ಕೋವಿಯೂ ಅಪರಾಧ, ಗ್ರೀನ್ ಕಾರ್ಡಿನ ಕನಸಿಗೂ ಕುತ್ತು. ಖರೀದಿಯ 4473 ನಮೂನೆಯಲ್ಲಿ ಈ ಪ್ರಶ್ನೆ ಇದೆ, ಸುಳ್ಳು ಬರೆದರೆ ಅದು ಬೇರೆಯೇ ಅಪರಾಧ. ಮಾತಾಡಿ ಖಚಿತಪಡಿಸಿಕೊಳ್ಳಬೇಕಾದ್ದು ವಲಸೆ ವಕೀಲರ ಹತ್ತಿರ, ಕೌಂಟರಿನ ಹುಡುಗನ ಹತ್ತಿರ ಅಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆಯಿಲ್ಲ.

ಆ ಹಂತ ದಾಟಿದ್ದರೆ 9 ಎಂಎಂ. .45ರ ಶಕ್ತಿ 480 ಜೂಲಿನ ಸುಮಾರು, 9 ಎಂಎಂಗಿಂತ ದೊಡ್ಡದೇನಲ್ಲ. ತೋಟಾ ದಪ್ಪ, ಮ್ಯಾಗಜೀನಿನಲ್ಲಿ ಕಡಿಮೆ ಹಿಡಿಯುತ್ತದೆ, ಬೆಲೆ ಹೆಚ್ಚು, ಅಭ್ಯಾಸ ಕಡಿಮೆಯಾಗುತ್ತದೆ. .380 (ಎಸಿಪಿ, ಮೊದಲು ಹೇಳಿದ ರಿಮ್ ಇರುವ .380 ಅಲ್ಲ) ದುರ್ಬಲ, ಅದಕ್ಕೆ ಬರುವ ಪುಟ್ಟ ಪಿಸ್ತೂಲುಗಳು ಹಗುರವಾದ್ದರಿಂದ ಕೈಗೆ 9 ಎಂಎಂಗಿಂತ ಚುರುಕಾಗಿಯೇ ಒದೆಯುತ್ತವೆ. ಮನೆಗೆ ಇಡುವುದಾದರೆ ಪುಟ್ಟದೇಕೆ? ನಾಲ್ಕು ಇಂಚಿನ ನಳಿಗೆ, 700 ಗ್ರಾಂ ಮೇಲಿನ 9 ಎಂಎಂ ಪಿಸ್ತೂಲು ಗಂಡ ಹೆಂಡತಿ ಇಬ್ಬರ ಕೈಗೂ ಹೊಂದುತ್ತದೆ.

ಗೋಡೆಯ ವಿಚಾರ ಅಲ್ಲಿ ಬೇರೆ. ನಮ್ಮ ಒಂಬತ್ತಿಂಚಿನ ಇಟ್ಟಿಗೆ ಗೋಡೆ ಈ ಗುಂಡುಗಳನ್ನು ತಡೆಯುತ್ತದೆ. ಅಲ್ಲಿಯ ಜಿಪ್ಸಮ್ ಹಲಗೆಯ ಒಳಗೋಡೆ ತಡೆಯುವುದಿಲ್ಲ, ಮಕ್ಕಳ ಕೋಣೆಯವರೆಗೂ ಹೋಗುತ್ತದೆ. ಕವಚದ ಗುಂಡು ಅಭ್ಯಾಸಕ್ಕೆ, ಮನೆಗೆ ಟೊಳ್ಳುತುದಿ – 9 ಎಂಎಂ ವೇಗದಲ್ಲಿ ಅದು ನಂಬಬಹುದಾದಷ್ಟು ಚೆನ್ನಾಗಿ ಅರಳುತ್ತದೆ. ಆದರೂ ತಪ್ಪಿದ ಗುಂಡು ಅರಳದೆಯೇ ಗೋಡೆ ದಾಟುತ್ತದೆ, ಯಾವ ಕೋನದಲ್ಲಿ ಮಕ್ಕಳ ಮಂಚವಿದೆ ಎಂಬುದನ್ನು ಹಗಲಿನಲ್ಲೇ ನೋಡಿಟ್ಟುಕೊಳ್ಳಿ. ನ್ಯೂಜೆರ್ಸಿಯ ಓದುಗರಿಗೆ: ನಿಮ್ಮಲ್ಲಿ ಟೊಳ್ಳುತುದಿ ಗುಂಡು ಮನೆಯಲ್ಲಿ ಇಡಬಹುದು, ತುಂಬಿಕೊಂಡು ಹೊರಗೆ ಓಡಾಡುವಂತಿಲ್ಲ.

ಪ್ರಶ್ನೆ: ಮಳೆಗಾಲ ಮುಗಿದ ಮೇಲೆ ನೋಡಿದರೆ ಚರ್ಮದ ಬೆಲ್ಟಿನಲ್ಲಿದ್ದ .32 ತೋಟಾಗಳಿಗೆ ಹಸಿರು ಹಿಡಿದಿದೆ. ಒರೆಸಿ ಬಳಸಬಹುದೇ? ಹೋದ ಸಲ ಒಂದು ‘ಟುಸ್’ ಎಂದಿತ್ತು. – ತೀರ್ಥಹಳ್ಳಿ

ಉತ್ತರ: ಆ ‘ಟುಸ್’ ಮೊದಲು. ಸದ್ದು ಸಣ್ಣದಾಗಿ ಒದೆತ ಬಾರದಿದ್ದರೆ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಮುಂದಿನದನ್ನು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಟ್ರಿಗರಿನಿಂದ ಬೆರಳು ತೆಗೆದು ಮೂತಿ ಸುರಕ್ಷಿತ ದಿಕ್ಕಿಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ಎಲ್ಲ ತೋಟಾ ಹೊರತೆಗೆಯಿರಿ, ಆಮೇಲೆ ಹಿಂದಿನಿಂದ ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಮನೆಯಲ್ಲಿ ಸುತ್ತಿಗೆ ಹಿಡಿಯದೆ ಪರವಾನಗಿಯುಳ್ಳ ದುರಸ್ತಿಗಾರರಿಗೆ ಕೊಡಿ. ಪೂರ್ತಿ ಹಾರದೆ ಬರೀ ‘ಟಿಕ್’ ಅಂದರೂ ರೇಂಜಿನಲ್ಲಿ ಇದೇ ಅರ್ಧ ನಿಮಿಷದ ನಿಯಮ. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು.

ಹಸಿರು ಬಂದದ್ದು ಚರ್ಮದಿಂದ. ಹದ ಮಾಡಲು ಬಳಸಿದ ರಾಸಾಯನಿಕ ತೇವ ಹೀರಿ ಹಿತ್ತಾಳೆಯನ್ನು ತಿನ್ನುತ್ತದೆ. ಮಲೆನಾಡಿನ ಜೂನ್‌–ಸೆಪ್ಟೆಂಬರಿನಲ್ಲಿ ಅದಕ್ಕೆ ಹಬ್ಬ. ಒಣ ಬಟ್ಟೆಯಲ್ಲಿ ಒರೆಸಿ. ಬಣ್ಣವಷ್ಟೇ ಮಾಸಿ ಮೈ ನುಣುಪಾಗಿದ್ದರೆ ಅಭ್ಯಾಸಕ್ಕೆ ಬಳಸಬಹುದು. ಉಗುರಿಗೆ ಗುಳಿ ಸಿಕ್ಕರೆ, ಕೇಪಿನ ಸುತ್ತ ಹಸಿರಿದ್ದರೆ, ಚಿಪ್ಪಿನ ಬಾಯಲ್ಲಿ ಬಿರುಕಿದ್ದರೆ ಬೇಡ. ಡೀಲರಿಗೆ ಒಪ್ಪಿಸಿ, ಪುಸ್ತಕದಲ್ಲಿ ಬರೆಸಿ. ತೋಟಾಕ್ಕೆ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ತಾಗಿಸಬೇಡಿ. ಎಣ್ಣೆ ಕೇಪಿನ ಸಂದಿನಲ್ಲಿ ಇಳಿದು ಅದನ್ನು ಕೊಲ್ಲುತ್ತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ.

ಇಡಬೇಕಾದ್ದು ರಬ್ಬರ್ ಅಂಚಿನ ಗಾಳಿಯಾಡದ ಡಬ್ಬದಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜತೆ, ಅಡುಗೆಮನೆಯ ಶಾಖದಿಂದ ದೂರ. ಕೋವಿ ಬೇರೆ ಬೀಗದಲ್ಲಿ. ಪಿಸ್ತೂಲಿನವರು ಇನ್ನೊಂದು ಗಮನಿಸಿ: ದಿನಾ ಚೇಂಬರಿಗೆ ಹಾಕಿ ತೆಗೆಯುವ ಅದೇ ತೋಟಾದ ಗುಂಡು ಮೆಲ್ಲಗೆ ಚಿಪ್ಪಿನೊಳಕ್ಕೆ ಕುಸಿಯುತ್ತದೆ. ಹೊಸದರ ಪಕ್ಕ ನಿಲ್ಲಿಸಿದರೆ ಗಿಡ್ಡವಾಗಿರುವುದು ಕಣ್ಣಿಗೇ ಕಾಣುತ್ತದೆ. ಒಳಜಾಗ ಕಡಿಮೆಯಾದರೆ ಒತ್ತಡ ಏರುತ್ತದೆ, ಅದನ್ನು ಹಾರಿಸಬಾರದು. ರಿವಾಲ್ವರಿನವರು ಖಾಲಿ ಚಿಪ್ಪು ತೆಗೆಯುವಾಗ ಮೂತಿ ಆಕಾಶಕ್ಕೆ ಹಿಡಿದು ಒಂದೇ ಏಟಿಗೆ ಪೂರ್ತಿ ಮಡಚಬೇಕು. ಅರ್ಧ ಮಡಚಿದರೆ ಒಂದು ಚಿಪ್ಪಿನ ರಿಮ್, ಚಿಪ್ಪುಗಳನ್ನು ಹೊರಗೆಳೆಯುವ ನಕ್ಷತ್ರಾಕಾರದ ಬಿಲ್ಲೆಯ ಕೆಳಗೆ ಜಾರಿ ಕೋವಿ ಮುಚ್ಚುವುದೂ ಇಲ್ಲ, ತೆರೆಯುವುದೂ ಇಲ್ಲ.

ಪರವಾನಗಿಯಲ್ಲಿ ಒಮ್ಮೆಗೆ ಎಷ್ಟು, ವರ್ಷಕ್ಕೆ ಎಷ್ಟು ತೋಟಾ ಎಂದು ಎರಡು ಅಂಕಿ ಇರುತ್ತವೆ. ವರ್ಷದ ಕೋಟಾವನ್ನು ಬೀರುವಿನಲ್ಲಿ ಹಸಿರು ಹಿಡಿಸದೆ, ಹಳೆಯದನ್ನು ರೈಫಲ್ ಕ್ಲಬ್ಬಿನ ರೇಂಜಿನಲ್ಲಿ ಮಳೆಗಾಲಕ್ಕೆ ಮುಂಚೆಯೇ ಹಾರಿಸಿ, ಹೊಸದು ತುಂಬಿಕೊಳ್ಳಿ. ಕೋವಿ ಹಿಡಿಯುವುದೇ ಹೊಸದಾದರೆ ಜಿಲ್ಲಾ ಪೊಲೀಸರ ನಾಗರಿಕ ಬಂದೂಕು ತರಬೇತಿ ಶಿಬಿರ ಯಾವಾಗ ಎಂದು ಎಸ್‌ಪಿ ಕಚೇರಿಯಲ್ಲಿ ವಿಚಾರಿಸಿ. ಮದುವೆ ಮೆರವಣಿಗೆಯಲ್ಲಿ ಹಳೇ ತೋಟಾ ಖಾಲಿ ಮಾಡುವ ಯೋಚನೆ ಬೇಡ, ಅದಕ್ಕೆ ಎರಡು ವರ್ಷದವರೆಗೆ ಜೈಲು ಅಥವಾ ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.